ಮೇಲಿನ ಗುಂಡಿ

ಮೊದಲು ಇಸಿಜಿ, ನಂತರ ರಕ್ತಪರೀಕ್ಷೆ, ಕೊನೆಗೆ ಆಂಜಿಯೋಗ್ರಾಮ್ ಮುಗಿಸಿದ ವೈದ್ಯೆ, ಹೆಂಡತಿಯ ಮಂಚದ ಬಳಿ ನಿಂತಿದ್ದ ಗಂಡನನ್ನು ಕೇಳಿದರು: "ರಕ್ತನಾಳಗಳಲ್ಲಿ ಎಲ್ಲೂ ತಡೆಯಿಲ್ಲ. ಮನಸ್ಸಿಗೆ ದೊಡ್ಡ ಪೆಟ್ಟು ಬಿದ್ದಾಗಲೂ ಹೃದಯ ಹೀಗೆ ಸೋಲುತ್ತೆ. ಮನೇಲಿ ಏನಾಯ್ತು?"

ಅವನ ಕೈ ಅಂಗಿಯ ಮೇಲಿನ ಗುಂಡಿಗೆ ಹೋಯಿತು. ತನ್ನ ಕುತ್ತಿಗೆಯ ಗಂಟು ಕ್ಯಾನ್ಸರ್ ಎಂದು ಖಚಿತವಾದದ್ದನ್ನು ಅವನು ಹೆಂಡತಿಗೆ ಹೇಳಿರಲಿಲ್ಲ. ಪರೀಕ್ಷೆಗೆ ಚೂರು ತೆಗೆದ ಜಾಗದ ಪ್ಲಾಸ್ಟರನ್ನು ಆ ಗುಂಡಿ ಹಾಕಿಯೇ ಮರೆಮಾಡಿದ್ದ. ಈಗ ನಿಜವು ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪವಾಯಿತು.

"ಏನೂ ಇಲ್ಲ ಡಾಕ್ಟ್ರೇ. ಚಿಂತೆ ಅಂದ್ರೆ ಏನು ಅಂತಾನೇ ಇವಳಿಗೆ ಗೊತ್ತಿಲ್ಲ," ಎಂದು ನಕ್ಕ.

ಹೆಂಡತಿ ಡ್ರಿಪ್ ಚುಚ್ಚಿದ್ದ ಕೈಯನ್ನೇ ಎತ್ತಿ, ಅವನ ಕಾಲರ್ ಹಿಡಿದೆಳೆದು, ಆ ಗುಂಡಿ ಬಿಚ್ಚಿದಳು. "ಸಾಕು ಬಿಡ್ರೀ. ಇದನ್ನ ನೋಡಿ ನೋಡಿ ನನಗೇ ಉಸಿರು ಕಟ್ಟಿತು."

ಅವಳಿಗೆ ಎಲ್ಲವೂ ಮೊದಲೇ ಗೊತ್ತಿತ್ತು.