ಬಲಗಡೆಯ ಹೂವು

"ಈ ಸೋಮವಾರ ಎಡಗಡೆ ಬೀಳಲಿ ಅಯ್ಯಾರ," ಗರ್ಭಗುಡಿಯ ಬಾಗಿಲಿಗೆ ಬಂದು ರಾಜಶ್ರೀ ಪಿಸುಗುಟ್ಟಿದಳು.

ಪೂಜಾರಿ ಅಡಿವೆಯ್ಯ ಗಂಧ ತೇಯುವುದನ್ನು ನಿಲ್ಲಿಸಿದರು. "ಎಡಗಡೆ ಅಂದ್ರ ದೇವರು ಇಲ್ಲ ಅಂದಂಗ. ನಿಮ್ಮತ್ತಿ ತಡಕೋತಾಳೇನ್ರಿ ಬಾಯಾರ?"

"ಒಂದು ಸಲ ಅಷ್ಟರಿ. ಇಲ್ಲಾಂದ್ರ ಸಂಶಯ ಬರ್ತೈತಿ."

ಅತ್ತೆ ಮುದಕವ್ವ ಇನ್ನೂ ಹೊರಗೆ ಪ್ರದಕ್ಷಿಣೆ ಹಾಕುತ್ತಿದ್ದಳು. ಪ್ರದಕ್ಷಿಣೆ ಮುಗಿಸಿ ಒಳಗೆ ಬಂದು ಕೂತರೆ, ಅಡಿವೆಯ್ಯ ಲಿಂಗದ ಎರಡೂ ಬದಿಗೆ ಒಂದೊಂದು ಹೂವು ಹಚ್ಚುತ್ತಾರೆ. ಕೇಳುವುದನ್ನು ಮನಸ್ಸಿನಲ್ಲೇ ಕೇಳಬೇಕು, ಯಾರಿಗೂ ಹೇಳಬಾರದು. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಗಂಧ ದಪ್ಪಗೆ ಮೆತ್ತಿದ ಹೂವು ಬೇಗ ಬೀಳುವುದಿಲ್ಲ, ಬರೀ ನೀರು ಹಚ್ಚಿದ್ದು ನಿಲ್ಲುವುದಿಲ್ಲ. ಇಷ್ಟು ಗುಟ್ಟು ಅಡಿವೆಯ್ಯನಿಗೂ ರಾಜಶ್ರೀಗೂ ಮಾತ್ರ ಗೊತ್ತು.

ಮಳೆಗಾಲದಲ್ಲಿ ಒಂದು ದಿನ, ಮಿಲ್ಲಿನ ಪಾಳಿ ಮುಗಿಸಿದ ರಾಜಶ್ರೀಯ ಗಂಡ ಅಜಯ ಕೋಗಿಲಬನದ ಹತ್ತಿರ ಕಾಳಿ ಹೊಳೆಗೆ ಈಜಲು ಇಳಿದಿದ್ದ. ದಂಡೆಯ ಮೇಲೆ ಸಿಕ್ಕಿದ್ದು ಅವನ ಬೈಕು ಮತ್ತು ಖಾಲಿ ಊಟದ ಡಬ್ಬಿ. ಹೊಳೆ ಅವನ ಹೆಣವನ್ನೂ ಕೊಡಲಿಲ್ಲ. ದೀಪಾವಳಿಯ ಹೊತ್ತಿಗೆ ರಾಜಶ್ರೀಯ ಆಸೆ ಸತ್ತಿತ್ತು. ಬಚ್ಚಲಮನೆಯಲ್ಲಿ ನಳ ಬಿಟ್ಟುಕೊಂಡು ಅತ್ತು ಮುಗಿಸಿದ್ದಳು. ಹೆತ್ತವಳ ಆಸೆಯಾದರೂ ಉಳಿಯಲಿ ಎಂದು, ಅತ್ತೆ ಹೂವು ಕೇಳಲು ಹೊರಟ ಮೊದಲ ಸೋಮವಾರವೇ ಅಡಿವೆಯ್ಯನ ಕಾಲು ಹಿಡಿದಿದ್ದಳು. ಅಜಯ ಬರುತ್ತಾನೋ ಇಲ್ಲವೋ ಎಂಬುದನ್ನು ಬಿಟ್ಟು ಆ ಮುದುಕಿಗೆ ಕೇಳುವುದು ಬೇರೆ ಏನಿದೆ?

ಆರು ಸೋಮವಾರವೂ ಬಲಗಡೆಯದೇ ಬಿತ್ತು. ಮುದಕವ್ವ ಪ್ರತಿ ಸಲವೂ ಹೂವನ್ನು ಕಣ್ಣಿಗೊತ್ತಿಕೊಂಡು ಅತ್ತಳು. ಸಂತೋಷಕ್ಕೂ ಅಳು ಬರುತ್ತದಲ್ಲ. ಆ ರಾತ್ರಿಗಳಲ್ಲಿ ಅವಳು ಊಟ ಮುಟ್ಟುತ್ತಿರಲಿಲ್ಲ, ಏನೋ ಹರಕೆ ಇರಬೇಕು. ಹೋದ ವಾರ ಮಗನ ಅಂಗಿಗಳನ್ನು ಟ್ರಂಕಿನಿಂದ ತೆಗೆದು ಪಕ್ಕದ ಮನೆಯ ಸಿದ್ದಲಿಂಗನಿಗೆ ಕೊಟ್ಟಳು. ಬಂದ ಮೇಲೆ ಹೊಸವನ್ನೇ ಹೊಲಿಸುವ ಯೋಚನೆ ಎಂದುಕೊಂಡಳು ಸೊಸೆ.

ರಾಜಶ್ರೀ ಹೆದರಿದ್ದು ಶನಿವಾರ, ದಾಂಡೇಲಿಯಲ್ಲಿ ತಾನು ಕಲಿಸುವ ಕಾಲೇಜಿನಲ್ಲಿ. ಸಂಖ್ಯಾಶಾಸ್ತ್ರದ ಪಾಠ ನಡೆದಿತ್ತು. ನಾಣ್ಯ ಒಮ್ಮೆ ಚಿಮ್ಮಿದರೆ ಹೆಡ್ ಬೀಳುವ ಸಂಭವ ಅರ್ಧ. ಎರಡು ಸಲವೂ ಅದೇ ಬೀಳಬೇಕಾದರೆ ಅರ್ಧವನ್ನು ಅರ್ಧದಿಂದ ಗುಣಿಸಬೇಕು, ಕಾಲು. ಹೀಗೆ ಗುಣಿಸುತ್ತ ಆರಕ್ಕೆ ಬಂದಾಗ ಹಲಗೆಯ ಮೇಲೆ ಅರವತ್ನಾಲ್ಕರಲ್ಲಿ ಒಂದು ಎಂದಾಯಿತು.

ಮುಂದಿನ ಬೆಂಚಿನ ರೂಪಾಲಿ ಎದ್ದು ನಿಂತಳು. "ಆರೂ ಸಲ ಒಂದ ಕಡೆ ಬಿದ್ರ, ಯಾರೋ ಕೈ ಆಡಿಸ್ಯಾರ ಅನ್ಕೋಬೇಕಲ್ರಿ ಮೇಡಂ?"

ರಾಜಶ್ರೀಯ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲೇ ನಿಂತಿತು. ಪ್ರತಿ ಸಲವೂ ಹೌದೇ ಎನ್ನುವ ದೇವರನ್ನು ಮುದುಕಿ ಎಷ್ಟು ದಿನ ನಂಬಿಯಾಳು? ಆದ್ದರಿಂದಲೇ ಇವತ್ತು ಎಡಗಡೆ.

ಮುದಕವ್ವ ಬಂದು ಕೂತಳು. ಕಣ್ಣು ಮುಚ್ಚಿದಳು, ತುಟಿ ಅಲುಗಿತು. ಅಡಿವೆಯ್ಯ ಹೂವು ಹಿಡಿದು ರಾಜಶ್ರೀಯ ಮುಖ ನೋಡಿದರು. ಅವಳು ಅತ್ತೆಯ ಮುಖ ನೋಡಿದಳು. ಈ ಮುಖದ ಮುಂದೆ ಯಾವ ಲೆಕ್ಕ? ತಲೆ ಅಲ್ಲಾಡಿಸಿ, ಕಣ್ಣಿನಿಂದಲೇ ಬಲಗಡೆ ತೋರಿಸಿದಳು.

ಬಲಗಡೆಯ ಹೂವು ಬಿತ್ತು.

ಮುದಕವ್ವ ಈ ಸಲ ಅಳಲಿಲ್ಲ. ಹೂವನ್ನು ಎತ್ತಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತಳು. "ಇನ್ನ ಕೇಳೂದಿಲ್ಲ ರಾಜಿ. ಸಾಕಾತು."

"ಯಾಕ್ರಿ ಅತ್ಯಾರ? ದೇವರು ಬಲಗಡೆದ ಕೊಟ್ಟಾನಲ್ರಿ."

ಮುದಕವ್ವ ಹೂವನ್ನು ಸೊಸೆಯ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ಹೌದವ್ವಾ, ಕೊಟ್ಟ. ನನ್ನ ಮಗ ಸತ್ತಾನೇನಪ್ಪಾ ಅಂತ ಕೇಳ್ತಿದ್ದೆ. ಒಮ್ಮ್ಯಾರ ಎಡಗಡೆದು ಕೊಟ್ಟು ಇಲ್ಲ ಅಂದಾನು ಅಂತ ವಾರವಾರ ಬರ್ತಿದ್ದೆ."