ನಾಳೆಯ ಬಾವಿ

ವಿಯೆನ್ನಾ ನಗರಕ್ಕೆ ತುರ್ಕಿ ಸೇನೆ ಮುತ್ತಿಗೆ ಹಾಕಿ ಎರಡು ತಿಂಗಳಾಗಿತ್ತು. ಕಮ್ಮಾರರ ಓಣಿಯ ಹೆಂಗಸರು ಎಂದಿನಂತೆ ಮಧ್ಯಾಹ್ನ ಬಾವಿಕಟ್ಟೆಯ ಸುತ್ತ ಕೂತರು. ಆ ಬಾವಿಯಲ್ಲಿ ನಾಳೆಯ ಸದ್ದು ಇವತ್ತೇ ಕೇಳುತ್ತಿತ್ತು. ಅದಕ್ಕೇ ಕೋಟೆಯಿಂದ ಜೀವಂತವಾಗಿ ಮರಳಿದ ಗಂಡಸರು ಮೊದಲು ಬಾವಿಗೆ ಬಗ್ಗಿ ತಮ್ಮ ಹೆಸರು ಕೂಗಬೇಕೆಂಬುದು ಓಣಿಯ ರೂಢಿ. ಹಿಂದಿನ ದಿನ ಕಾದು ಕೂತ ಹೆಂಡತಿಗೆ ಅದು ಕೇಳುತ್ತದೆ.

ಮೊದಲು ಬೆಟ್ಟ ಇಳಿಯುವ ಸಾವಿರಾರು ಕುದುರೆಗಳ ಗೊರಸಿನ ಸದ್ದು ಕೇಳಿತು. ಆಮೇಲೆ, ಮುತ್ತಿಗೆಯುದ್ದಕ್ಕೂ ಮೂಕವಾಗಿದ್ದ ಚರ್ಚಿನ ಗಂಟೆಗಳೆಲ್ಲ ಒಟ್ಟಿಗೆ ಮೊಳಗಿದವು.

“ನಮ್ಮ ನೆರವಿಗೆ ಪೋಲೆಂಡಿನವರು ಬಂದ್ರು ಕಣ್ರೇ! ನಾಳೆ ಗೆದ್ವಿ!” ಎಂದು ಉರ್ಸುಲಾ ಕುಣಿದಳು.

“ಸುಮ್ನಿರೇ, ಹೆಸರು ಕೇಳಿಸ್ಲಿ,” ಎಂದಳು ವಾಲ್ಬುರ್ಗಾ.

ಒಂದೊಂದಾಗಿ ಹೆಸರುಗಳು ಬಂದವು. ಒಬ್ಬೊಬ್ಬಳೇ ಕಣ್ಣೊರೆಸಿಕೊಂಡು ಎದ್ದು ಹೋದಳು. ವಾಲ್ಬುರ್ಗಾಳ ಗಂಡ ಗ್ರೆಗೋರನ ಹೆಸರು ಮಾತ್ರ ಬರಲಿಲ್ಲ. ಅವಳು ಜಪಮಾಲೆಯನ್ನು ಎರಡು ಸುತ್ತು ಎಣಿಸಿದಳು. ಗಂಟೆಗಳೂ ನಿಂತವು.

ಆಗ ಬಾವಿಯಾಳದಿಂದ ಅವಳದೇ ದನಿ ಬಂತು: “ಏನ್ರೀ, ಹೆಸರು ಕೂಗೋದು ಇವತ್ತೂ ಮರೆತ್ರಾ? ನಿನ್ನೆಯಿಂದ ಜೀವ ಕೈಲಿ ಹಿಡ್ಕೊಂಡು ಕೂತಿದೀನಲ್ಲ ನಾನು!”

ವಾಲ್ಬುರ್ಗಾ ಬಾವಿಕಟ್ಟೆಗೆ ಹಣೆಯಿಟ್ಟು, ನಾಳೆ ಆಡಬೇಕಾದ ಆ ಬೈಗುಳವನ್ನು ಒಂದಕ್ಷರವೂ ತಪ್ಪದಂತೆ ಬಾಯಿಪಾಠ ಮಾಡತೊಡಗಿದಳು.