ಪರದೇಶದಲ್ಲೊಂದು ಖಾನಾವಳಿ

ರೊಟ್ಟಿ ಖಾನಾವಳಿ ತೆರೆಯಬೇಕೆಂದು ಗೌರಕ್ಕ ಹುಬ್ಬಳ್ಳಿಯ ಮನೆ ಮಾರಿ ಪರದೇಶಕ್ಕೆ ಬಂದಿದ್ದಳು. ಅಲ್ಲಿ ವ್ಯಾಪಾರಕ್ಕಿಳಿಯುವ ನಮ್ಮವರಿಗೆಲ್ಲ ಹಂಚಿನಮನಿ ಸಾಹೇಬರೇ ಗುರು ಎಂದು ಕೇಳಿ, ನೇರ ಅವರ ಕಚೇರಿಗೆ ಹೋದಳು.

ಸಾಹೇಬರು ತಿರುಗುವ ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿ ಉಪದೇಶ ಶುರುಮಾಡಿದರು.

"ಮೊದಲ ಇಲ್ಲಿ ಭಾಷಾ ಕಲೀರಿ. ಛಲೋ ವಕೀಲನ್ನ ಹಿಡೀರಿ. ಅಂಗಡಿ ಕರಾರು ಓದದ ಸಹಿ ಮಾಡಬ್ಯಾಡ್ರಿ. ಧೈರ್ಯ ಅಂತೂ ಬಿಡಲೇಬ್ಯಾಡ್ರಿ."

ಗೌರಕ್ಕನಿಗೆ ಹೋದ ಜೀವ ಬಂದಂತಾಯಿತು. ಇಷ್ಟೆಲ್ಲ ತಿಳಿದವರು ಎಂಥ ಸಾಮ್ರಾಜ್ಯ ಕಟ್ಟಿರಬೇಕು ಎಂದು ಬೆರಗಾದಳು.

"ಇಲ್ಲೆ ನಿಮ್ಮದು ಯಾವ ವ್ಯಾಪಾರ ರೀ, ಸಾಹೇಬ್ರ?"

"ನಾನೂ ಹೋಟೆಲ್ ತಗಿಯಾಕ ಬಂದಂವ, ತಂಗಿ. ಕೂದಲಾ ಬೆಳ್ಳಗಾದ್ವು, ಲೈಸೆನ್ಸ್ ಬರಲಿಲ್ಲ. ಬರೋತನಕ ಹೊಟ್ಟಿಪಾಡಿಗೆ ಸಲಹಾ ಕೊಡ್ತೀನಿ."